ಬಾಗಿದ ಬಾಲ್ಕನಿಯಿಂದ ನಾರ್ವೆಯ ಸೇತುವೆಗೆ

ಬಸವನಗುಡಿ ಬಿಡುವ ಮುನ್ನ

ಪರದೇಶಕ್ಕೆ ಹೋದವರು ಹಿಮದ ಮೇಲೆ ನಿಂತು, ಅರಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ಅಷ್ಟು ದೂರ ಹಾರಿ ಹೋದದ್ದು ಒಂದು ಕಾಂಕ್ರೀಟ್ ಸೇತುವೆ ಬಾಗುವುದನ್ನು ನೋಡುವುದಕ್ಕೆ. ನಗುವವರು ಈಗಲೇ ನಕ್ಕುಬಿಡಿ.

ನಮ್ಮವರು ಕಟ್ಟಡದ ಎಂಜಿನಿಯರ್. ಶೇಷಾದ್ರಿಪುರದ ಒಂದು ಆಫೀಸಿನಲ್ಲಿ ಕೂತು ಊರವರ ಮನೆಗಳಿಗೆ ಕಂಬಿ ಎಷ್ಟು, ಸಿಮೆಂಟ್ ಎಷ್ಟು ಎಂದು ಲೆಕ್ಕ ಹಾಕಿಕೊಡುತ್ತಾರೆ. ನಾನು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ರಸ್ತೆಯ ಕಡೆಗೆ ಚಾಚಿಕೊಂಡ ಒಂದು ಬಾಲ್ಕನಿ ಇದೆ. ಹಳೆಯ ಬಾಲ್ಕನಿ ಮಳೆನೀರು ಕುಡಿದು ಕುಡಿದು, ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದು ಉಬ್ಬಿ, ಗಾರೆ ಚಕ್ಕೆ ಚಕ್ಕೆಯಾಗಿ ಕೆಳಗೆ ಹೂವು ಮಾರುವವಳ ಬುಟ್ಟಿಗೇ ಉದುರತೊಡಗಿದಾಗ ನಮ್ಮವರು ಅದನ್ನು ಒಡೆಸಿದರು. ಹೊಸದಕ್ಕೆ ಕಬ್ಬಿಣ ಬೇಡವೆಂದು ಗಾಜಿನ ನಾರಿನ ಕಂಬಿ ತರಿಸಿದರು. ತಿಳಿ ಹಳದಿ ಬಣ್ಣ, ಹಗುರ, ಜನ್ಮದಲ್ಲಿ ತುಕ್ಕು ಹಿಡಿಯುವುದಿಲ್ಲ. ಮೇಸ್ತ್ರಿ ಅದನ್ನು ಎತ್ತಿ ಬಗ್ಗಿಸಿ ನೋಡಿ, "ಏನ್ ಸಾರ್ ಇದು, ಗಾಳದ ಕಡ್ಡಿ ಇದ್ದಂಗಿದೆ! ಇದನ್ನ ನಂಬ್ಕೊಂಡು ಮೋಲ್ಡ್ ಹಾಕೋದಾ?" ಎಂದಿದ್ದ. ನಮ್ಮವರು ನಕ್ಕರು. ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಕಾಫಿಗೂ ಮೊದಲು ಗೋಣಿಚೀಲ ಹೊದಿಸಿ ಅದಕ್ಕೆ ನೀರು ಹಾಕಿದರು. ನಮ್ಮ ಮಗಳ ಬಾಣಂತನದಲ್ಲೂ ಅವರು ಅಷ್ಟು ಮುತುವರ್ಜಿ ವಹಿಸಲಿಲ್ಲ.

ಆ ಬಾಲ್ಕನಿ ಬಾಗಿತು. ಮೊದಲು ನೋಡಿದವಳು ನಾನೇ. ಕೈಯಿಂದ ಜಾರಿದ ನಿಂಬೆಹಣ್ಣು ಬಾಗಿಲ ಬಳಿ ನಿಲ್ಲದೆ ಮೆಲ್ಲಗೆ ಉರುಳಿ ಉರುಳಿ ಕಟಕಟೆಯ ಬುಡಕ್ಕೆ ಹೋಗಿ ನಿಂತಿತು. ಮಳೆನೀರು ಗೋಡೆಯ ಪಕ್ಕದ ತೂತಿಗೆ ಹೋಗದೆ ಹೊರತುದಿಯಲ್ಲಿ ಮಡುಗಟ್ಟಿತು. ಬಾಗಿಲ ಹೊಸ್ತಿಲ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ನಮ್ಮವರನ್ನು ಕೂಗಿ ಕರೆದೆ.

"ಏನೂ ಆಗಲ್ಲ ಕಣೇ ಸುಧಾ," ಎಂದರು ನಮ್ಮವರು. "ಬೀಳೋದು ಬೇರೆ, ಬಗ್ಗೋದು ಬೇರೆ. ಗಾಜಿನ ಕಂಬಿಗೆ ಶಕ್ತಿ ಜಾಸ್ತಿ, ಬಿಗಿ ಕಮ್ಮಿ. ಅದಕ್ಕೇ ಸ್ವಲ್ಪ ಬಗ್ಗುತ್ತೆ, ಸ್ವಲ್ಪ ಬಿರುಕೂ ಬಿಡುತ್ತೆ."

"ಸ್ವಲ್ಪ ಅಂದ್ರೆ ಎಷ್ಟ್ರೀ?"

"ಏನೂ ಆಗಲ್ಲ ಅಂದ್ನಲ್ಲ."

ಅಂದಿನಿಂದ ನಾನು ಆ ಬಾಗಿಲಿಗೆ ಚಿಲಕ ಹಾಕಿದೆ. ಸಂಡಿಗೆ ಒಣಗಿಸುವುದು ಪಕ್ಕದ ಮನೆಯ ತಾರಸಿಯಲ್ಲಿ, ಸಂಜೆ ಕೂರುವುದು ಅಡುಗೆಮನೆಯ ಸ್ಟೂಲಿನ ಮೇಲೆ. ಬಂದ ನೆಂಟರಿಗೆಲ್ಲ ಕೆಳಗೆ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡುವುದೇ ಒಂದು ತಮಾಷೆಯಾಯಿತು. ಕೊನೆಗೊಂದು ದಿನ ನನ್ನ ಪಿತ್ತ ನೆತ್ತಿಗೇರಿ, ಒಡೆಸಿ ಎಂದುಬಿಟ್ಟೆ. ನಮ್ಮವರ ಮುಖ ಚಿಕ್ಕದಾಯಿತು. ನಾರ್ವೆ ದೇಶದ ಒಂದು ಕಡಲ ಊರಿನಲ್ಲಿ ಇಂಥದೇ ಕಂಬಿಯ ಸೇತುವೆ ಇದೆಯೆಂದೂ, ಅಲ್ಲಿ ನಡೆಯುವ ಸಭೆಯಲ್ಲಿ ನಮ್ಮ ಬಾಲ್ಕನಿಯ ಬಗ್ಗೆ ಮಾತಾಡಲು ತಮ್ಮನ್ನು ಕರೆದಿದ್ದಾರೆಂದೂ ಹೇಳಿದರು. "ನೀನೂ ಬಾ. ಆ ಸೇತುವೆ ಮೇಲೆ ಒಂದ್ಸಲ ನಿಂತ್ಕೊಂಡು ನೋಡು. ಆಮೇಲೂ ಒಡೆಸಿ ಅಂದ್ರೆ, ವಾಪಸ್ ಬಂದ ತಕ್ಷಣ ಒಡೆಸ್ತೀನಿ. ನನ್ನ ಕೈಯಾರೆ ಒಡೀತೀನಿ ಬೇಕಾದ್ರೆ."

ಒಪ್ಪಿಕೊಂಡೆ. ಒಡೆಸುವುದು ಖಂಡಿತ ಎಂದು ಮನಸ್ಸಿನಲ್ಲೇ ಮೇಸ್ತ್ರಿಗೆ ಹೇಳಿಯೂ ಆಗಿತ್ತು.

ದಾರಿಯಲ್ಲಿ

ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ನನ್ನ ಕೈಚೀಲವನ್ನು ಪಕ್ಕಕ್ಕೆಳೆದರು. ಚಟ್ನಿಪುಡಿಗೇ ಬಂತು ಕುತ್ತು ಎಂದುಕೊಂಡೆ. ಇಲ್ಲ, ಪೊಲೀಸಿನವಳು ಹೊರಗೆಳೆದದ್ದು ಗೇಣುದ್ದದ ಒಂದು ಹಳದಿ ಕಡ್ಡಿ. ನಮ್ಮವರು ತಮ್ಮ ಚೀಲದಲ್ಲಿ ಜಾಗವಿಲ್ಲವೆಂದು ಗಾಜಿನ ಕಂಬಿಯ ತುಂಡೊಂದನ್ನು ನನ್ನ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದರು. ಹೇಳಿರಲಿಲ್ಲ!

"ಇದೇನು?" ಎಂದಳು ಆಕೆ.

"ನಮ್ಮ ಬಾಲ್ಕನಿ," ಎಂದೆ ನಾನು. ಬಾಯಿಗೆ ಅದೇ ಬಂತು.

ಆಕೆ ನನ್ನನ್ನೂ ಕಡ್ಡಿಯನ್ನೂ ಎರಡೆರಡು ಸಲ ನೋಡಿದಳು. ನಮ್ಮವರು ಓಡಿ ಬಂದು ಕಾಂಕ್ರೀಟ್, ತುಕ್ಕು, ಸಮುದ್ರದ ಉಪ್ಪು ಎಂದೆಲ್ಲ ಪಾಠ ಶುರುಮಾಡಿದರು. ಅದನ್ನು ಕೇಳುವುದಕ್ಕಿಂತ ಬಿಟ್ಟುಬಿಡುವುದೇ ಲೇಸು ಎನ್ನಿಸಿರಬೇಕು, ಕೈಸನ್ನೆ ಮಾಡಿ ಕಳಿಸಿಬಿಟ್ಟಳು.

ಮುಂದಿನ ವಿಮಾನದಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲಿದೆ. ಕೆಳಗೆ ಮೋಡ ಹಾಸಿಕೊಂಡಿತ್ತು, ಅದರ ಮೇಲೆ ಹಗಲೋ ಸಂಜೆಯೋ ತಿಳಿಯದ ಬೆಳಕು. ರೆಕ್ಕೆಯ ತುದಿ ಮೇಲೆ ಕೆಳಗೆ ಬಳುಕುವುದು ಕಾಣಿಸಿತು. ಅಷ್ಟು ದೊಡ್ಡ ರೆಕ್ಕೆ ಹಾಗೆ ಬಗ್ಗುತ್ತಿದ್ದರೂ ನನಗೇಕೋ ಭಯವಾಗಲಿಲ್ಲ. ಪಕ್ಕದಲ್ಲಿ ನಮ್ಮವರು ಬಾಯಿ ತೆರೆದು ಮಲಗಿದ್ದರು.

ಕತ್ತಲಾಗದ ಊರು

ಆ ಊರಿನ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಬರೆಯಲು ಹೋಗಿ ಅವಮಾನ ಮಾಡುವುದಿಲ್ಲ. ಕೆಂಪು ಬಿಳಿ ಮರದ ಮನೆಗಳು ಬಂಡೆಗಳ ಮೇಲೆ ಕೂತಿವೆ. ಸುತ್ತ ಕಡಲು, ಆದರೆ ನಮ್ಮ ಕಡಲಿನ ಹಾಗೆ ಮೊರೆಯುವುದಿಲ್ಲ, ಕೆರೆಯಂತೆ ಮಲಗಿರುತ್ತದೆ. ಜೂನ್ ತಿಂಗಳಾದ್ದರಿಂದ ಸೂರ್ಯ ಇಳಿದರೂ ಬೆಳಕು ಇಳಿಯುವುದಿಲ್ಲ. ಊಟ ಮುಗಿಸಿ ಕಿಟಕಿಯ ಬಳಿ ಕೂತರೆ ಹಾಲು ಬೆರೆಸಿದಂಥ ಬೆಳಕು. ಮನೆ, ದೋಣಿ, ಬಂಡೆ ಯಾವುದಕ್ಕೂ ನೆರಳಿಲ್ಲ. ಹೊತ್ತು ಎಲ್ಲಿಯೋ ಸಿಕ್ಕಿಹಾಕಿಕೊಂಡಿದೆ ಎನ್ನಿಸುತ್ತಿತ್ತು. ನಾನು ದೇವರಿಗೆ ಸಂಜೆ ದೀಪ ಹಚ್ಚುವುದು ಯಾವಾಗ ಎಂದು ತಿಳಿಯದೆ ಸುಮ್ಮನೆ ಕೈಮುಗಿದು ಮಲಗಿದೆ.

ನಾವು ಇಳಿದುಕೊಂಡದ್ದು ಇಂಗ್ರಿದ್ ಎಂಬುವವರ ಮನೆಯಲ್ಲಿ. ಸಭೆ ಏರ್ಪಡಿಸಿದವರು ಅವರೇ. ಎಪ್ಪತ್ತು ದಾಟಿದ ಹೆಂಗಸು, ಎಂಜಿನಿಯರ್, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು, ಮಾತು ಕಡಿಮೆ. ಬಾಗಿಲಲ್ಲೇ ಚಪ್ಪಲಿ ಬಿಡಿ ಎಂದು ಸನ್ನೆ ಮಾಡಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಇವರು ನಮ್ಮ ಕಡೆಯವರೇ ಎಂದು ಅಲ್ಲೇ ತೀರ್ಮಾನಿಸಿದೆ. ಬೆಳಿಗ್ಗೆ ತಟ್ಟೆಯಲ್ಲಿ ಬೆಲ್ಲದ ಅಚ್ಚಿನಂಥ ಕಂದು ಗಟ್ಟಿ ಇಟ್ಟಿದ್ದರು. ಆಹಾ ಎಂದು ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಶಿವನೇ, ಅದು ಚೀಸು! ಸಿಹಿಯೂ ಹೌದು, ಉಪ್ಪೂ ಹೌದು, ಆಡಿನ ವಾಸನೆಯೂ ಹೌದು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಇಂಗ್ರಿದ್ ನನ್ನನ್ನೇ ನೋಡುತ್ತ, "ಚೆನ್ನಾಗಿದೆಯೇ?" ಎಂದರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದೆ. ನಮ್ಮವರು ಪತ್ರಿಕೆಯ ಹಿಂದೆ ಭುಜ ಕುಣಿಸಿ ನಗುತ್ತಿದ್ದರು.

ಊರು ಸುತ್ತಲು ಹೋದೆವು. ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಒಂದು ಹಸುಗೂಸು ತಣ್ಣನೆ ಗಾಳಿಯಲ್ಲಿ ಒಂಟಿಯಾಗಿ ಮಲಗಿತ್ತು, ತಾಯಿ ಒಳಗೆ ಕಾಫಿ ಕುಡಿಯುತ್ತಿದ್ದಳು. ಗಾಂಧಿಬಜಾರಿನಲ್ಲಿ ಹೀಗೆ ಮಾಡಿದರೆ ಅರ್ಧ ಬೀದಿ ಸೇರಿ ಆ ತಾಯಿಗೆ ಮಂಗಳಾರತಿ ಎತ್ತುತ್ತಿತ್ತು. ಬಸ್ಸಿನಲ್ಲಿ ನಾನು ಒಬ್ಬ ಅಜ್ಜನ ಪಕ್ಕ ಹೋಗಿ ಕೂತೆ. ಇಡೀ ಬಸ್ಸು ಖಾಲಿಯಿರುವಾಗ ಪಕ್ಕದಲ್ಲೇ ಕೂರುವುದು ಅಲ್ಲಿ ಯಾರೂ ಮಾಡದ ಕೆಲಸವಂತೆ. ಅಜ್ಜ ಗಾಬರಿಯಾಗಿ ಮುಂದಿನ ನಿಲ್ದಾಣದಲ್ಲೇ ಇಳಿದುಹೋದ.

ದಂಡೆಯಲ್ಲಿ ನಿಂತು ಸೇತುವೆ ನೋಡಿದೆವು. ಊರಿನಿಂದ ಎದುರಿನ ಪುಟ್ಟ ದ್ವೀಪಕ್ಕೆ ನಡೆದುಹೋಗುವ ಸಣ್ಣ ಕಾಲುಸೇತುವೆ. ಅಲ್ಲಿ ಹಿಂದೆ ಇದ್ದ ಸೇತುವೆಯ ಕಬ್ಬಿಣವನ್ನು ಉಪ್ಪುಗಾಳಿ ತಿಂದುಹಾಕಿತ್ತಂತೆ. ಇದರೊಳಗೆ ಒಂದೇ ಒಂದು ಕಬ್ಬಿಣದ ಕಂಬಿಯಿಲ್ಲ ಎಂದು ನಮ್ಮವರು ಪಿಸುಗುಟ್ಟಿದರು. ಮಂಜು ಅದರ ಅರ್ಧವನ್ನು ನುಂಗಿತ್ತು. ದ್ವೀಪದ ಕಡೆಯಿಂದ ಯಾರೋ ಸೈಕಲ್ ತಳ್ಳಿಕೊಂಡು ಮಂಜಿನೊಳಗಿಂದ ಮೆಲ್ಲಗೆ ಮೂಡಿ ಬಂದರು. ಹತ್ತುತ್ತೀಯಾ ಎಂದು ನಮ್ಮವರು ಕಣ್ಣಲ್ಲೇ ಕೇಳಿದರು. ನಾಳೆ ನೋಡೋಣ ಎಂದೆ.

ಸಭೆಯ ದಿನ

ಶಾಲೆಯ ಹಾಲಿನಂಥ ಒಂದು ಕೋಣೆ, ಅಲ್ಲಲ್ಲಿ ದೂರ ದೂರ ಕೂತ ಎಂಜಿನಿಯರುಗಳು. ನಾನು ಕೊನೆಯ ಸಾಲಿನಲ್ಲಿ ಶಾಲು ಹೊದ್ದು ಕೂತೆ. ಮಾತೆಲ್ಲ ಒಂದೇ ವಿಷಯ. ಗಾಜಿನ ಕಂಬಿಯ ಕಾಂಕ್ರೀಟು ಮುರಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅದು ಎಷ್ಟು ಬಾಗಬಹುದು, ಬಿರುಕು ಎಷ್ಟು ಅಗಲವಾಗಬಹುದು, ವರ್ಷ ಕಳೆದಂತೆ ಇನ್ನೆಷ್ಟು ಇಳಿಯಬಹುದು, ಜನ ಅದನ್ನು ನೆಮ್ಮದಿಯಾಗಿ ಬಳಸಬಲ್ಲರೇ ಎಂಬುದೇ ಪ್ರಶ್ನೆ. ಮುರಿಯದೆ ನಿಂತರೆ ಸಾಲದು, ಬಳಸುವಂತಿರಬೇಕು ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಅದನ್ನೇ ನಾನು ಅಡುಗೆಮನೆಯಲ್ಲಿ ನಿಂತು ಎಷ್ಟು ಸಲ ಕಿರುಚಿದ್ದೇನೆ!

ನಮ್ಮವರ ಸರದಿ ಬಂತು. ಕೋಟು ಹಾಕಿಕೊಂಡು ಮದುಮಗನ ಹಾಗೆ ನಿಂತಿದ್ದರು. ಗೋಡೆಯ ಮೇಲೆ ನಮ್ಮ ಬಾಲ್ಕನಿಯ ಚಿತ್ರ ಮೂಡಿತು. ಕಟಕಟೆ, ಹೊರಗಿನ ಹೊಂಗೆಮರ, ತುದಿಯಲ್ಲಿ ನನ್ನ ಅಮ್ಮನ ಒರಳುಕಲ್ಲು, ಬೀಸುಕಲ್ಲು, ಅವಳ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲುಚಪ್ಪಡಿ. ಅಷ್ಟು ದೂರದ ಗೋಡೆಯ ಮೇಲೆ ಅವನ್ನು ನೋಡಿ ನಾನು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ.

ನಮ್ಮವರು ಮಾತು ಮುಗಿಸಿದಾಗ ಉದ್ದನೆಯ ಯುವಕನೊಬ್ಬ ಎದ್ದ. "ನೀವು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಹೆಚ್ಚು ಬಾಗಿದೆಯಲ್ಲ, ಏಕೆ?"

"ಲೆಕ್ಕದಲ್ಲಿ ನನ್ನ ತಪ್ಪು," ಎಂದರು ನಮ್ಮವರು. "ನನ್ನ ಅಂದಾಜು ಸರಿಯಾಗಿರಲಿಲ್ಲ."

ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೂ ಒಪ್ಪದ ಮನುಷ್ಯ ಇವರು.

ಆಗ ಇಂಗ್ರಿದ್ ಕೇಳಿದರು, "ಅದನ್ನು ಬಳಸುವವರು ಏನು ಹೇಳುತ್ತಾರೆ?"

"ಬಳಸುವವರು ಇಲ್ಲೇ ಇದ್ದಾರೆ," ಎಂದು ನಮ್ಮವರು ನನ್ನತ್ತ ಕೈ ತೋರಿಸಿದರು. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ನಮ್ಮವರ ಮುಖದಲ್ಲಿ ಒಂದು ಆಸೆ ಇತ್ತು. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಸುಳ್ಳು ಹೇಳಲು ಆಗಲಿಲ್ಲ. ಎದ್ದು ನಿಂತು, ತರಗತಿಯಲ್ಲಿ ಹೇಳುವಷ್ಟು ಗಟ್ಟಿಯಾಗಿ, ನನ್ನ ಇಂಗ್ಲಿಷಿನಲ್ಲಿ ಹೇಳಿದೆ: "ನಾನು ಅದರ ಮೇಲೆ ನಿಲ್ಲುವುದಿಲ್ಲ. ನನಗೆ ಹೆದರಿಕೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಮ್ಮವರು "ಥ್ಯಾಂಕ್ಸ್" ಎಂದು ಕಾಗದ ಮಡಚಿಕೊಂಡು ಬಂದು ನನ್ನ ಪಕ್ಕ ಕೂತರು. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೂ ಆಗುತ್ತಿತ್ತು, ಅವರು ಅದನ್ನೂ ಮಾಡಲಿಲ್ಲ.

ಕಾಫಿಯ ಹೊತ್ತಿನಲ್ಲಿ ಇಂಗ್ರಿದ್ ನನ್ನ ಬಳಿ ಬಂದು ಚಿತ್ರದಲ್ಲಿದ್ದ ಕಲ್ಲುಗಳು ಏನೆಂದು ಕೇಳಿದರು. ಯಾರಾದರೂ ಕೇಳಲಿ ಎಂದು ಕಾದವಳಂತೆ ಹೇಳಿಬಿಟ್ಟೆ. ಮಾವಳ್ಳಿಯಲ್ಲಿ ಅಮ್ಮನ ಮನೆಯಿತ್ತು. ಅಮ್ಮ ಹೋದ ಮೇಲೆ ಅಣ್ಣಂದಿರು ಮನೆ ಮಾರಿದರು. ಹಿತ್ತಲಿನ ಕಲ್ಲುಗಳನ್ನು ಯಾರೂ ಕೇಳಲಿಲ್ಲ. ಮನೆಯ ಒರಳುಕಲ್ಲನ್ನು ನಮ್ಮಲ್ಲಿ ಬೀದಿಗೆ ಎಸೆಯುವುದಿಲ್ಲ, ಅದು ಲಕ್ಷ್ಮಿ. ನಾನೇ ಆಳುಗಳನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಹೊರಿಸಿಕೊಂಡು ಬಂದೆ. ಕೆಳಗೆ ಕಾರು ನಿಲ್ಲುತ್ತದೆ, ಹಾಗಾಗಿ ಹೊಸ ಬಾಲ್ಕನಿಯ ತುದಿಯಲ್ಲಿ ಸಾಲಾಗಿ ಇಡಿಸಿದೆ. ಅಲ್ಲಿ ಕೂತರೆ ಅಮ್ಮ ದೋಸೆಗೆ ರುಬ್ಬುತ್ತಿರುವ ಸದ್ದು ಕೇಳಿದ ಹಾಗೆ ಆಗುತ್ತಿತ್ತು.

ಇಂಗ್ರಿದ್ ಬಟ್ಟಲು ಕೆಳಗಿಟ್ಟರು. "ನಾಳೆ ಸೇತುವೆಗೆ ಬನ್ನಿ," ಎಂದರು. "ನಿಮ್ಮ ಯಜಮಾನರನ್ನೂ ಕರೆತನ್ನಿ."

ಸೇತುವೆ ತೊಳೆಯುವ ದಿನ

ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಸೇತುವೆ ತೊಳೆಯುತ್ತಾರೆ. ಕೂಲಿಯವರಿಲ್ಲ. ಡಾಕ್ಟರು, ಮೀನಿನ ಅಂಗಡಿಯವರು, ಪಾದ್ರಿ, ಎಲ್ಲರೂ ಮಂಡಿಯವರೆಗೆ ಬೂಟು ಹಾಕಿ ಬ್ರಶ್ಶು ಹಿಡಿದು ಉಪ್ಪು, ಹಕ್ಕಿಯ ಹಿಕ್ಕೆ ಉಜ್ಜುತ್ತಾರೆ. ತೊಳೆದಾದ ಮೇಲೆ ನಡುಮಧ್ಯಕ್ಕೆ ಹೋಗಿ ಗುಂಪಾಗಿ ಅಲುಗದೆ ನಿಲ್ಲುತ್ತಾರೆ. ಸೇತುವೆ ಎಷ್ಟು ಬಾಗಿತೆಂದು ಅಳೆಯುವುದು ಆಗಲೇ. ಆ ಹೊತ್ತಿನಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಮಾತಾಡಿದರೆ ಸೇತುವೆಗೇನೂ ಆಗದು, ಆದರೂ ಮಾತಾಡುವುದಿಲ್ಲ, ಮೊದಲಿನಿಂದಲೂ ಹಾಗೆ.

ಮಂಜು ಕರಗಿ ನೀರಿನ ಮೇಲೆ ಬೆಳ್ಳಿಯ ಬಣ್ಣ ಹರಡಿತ್ತು. ಇಂಗ್ರಿದ್ ನಮ್ಮನ್ನು ಸೇತುವೆಯ ಕೆಳಗಿನ ಬಂಡೆಗೆ ಕರೆದೊಯ್ದರು. ನಡುವೆ ನೀರಿನಿಂದೆದ್ದ ಬಂಡೆಯ ಮೇಲೆ ಒಂದು ಗಿಡ್ಡ ಅಳತೆಯ ಕಂಬ. ಸೇತುವೆಯ ಹೊಟ್ಟೆಯಿಂದ ಇಳಿಬಿದ್ದ, ಗಡಿಯಾರದ ಮುಳ್ಳಿನಂಥ ಒಂದು ಕಡ್ಡಿ ಆ ಕಂಬಕ್ಕೆ ತಾಗಿಕೊಂಡಿದೆ. ಕಂಬದ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು.

"ಈ ಗೆರೆಗಳನ್ನು ಸೇತುವೆ ತೆರೆಯುವ ಮೊದಲೇ ಬರೆದೆವು," ಎಂದರು. "ಮೊದಲ ವರ್ಷ ಇಲ್ಲಿಗೆ ಇಳಿಯುತ್ತದೆ, ಆಮೇಲೆ ಇಲ್ಲಿಗೆ, ನಾನು ಸತ್ತ ಮೇಲೆ ಅಗೋ ಅಲ್ಲಿಗೆ. ಊರಿನವರಿಗೆಲ್ಲ ಮೊದಲೇ ತೋರಿಸಿದೆವು. ಈಗ ಅದು ಬಾಗಿದರೆ ಯಾರೂ ಹೆದರುವುದಿಲ್ಲ. ಹೇಳಿದ ಹಾಗೆ ನಡೆದುಕೊಂಡಿತು ಎನ್ನುತ್ತಾರೆ." ಅಷ್ಟು ಹೇಳಿ ನಮ್ಮಿಬ್ಬರನ್ನೇ ಬಿಟ್ಟು ಅಳತೆಯ ದೋಣಿಯ ಕಡೆ ಹೋದರು.

ನಾನು ಗೆರೆಗಳನ್ನೇ ನೋಡುತ್ತ ನಿಂತೆ. "ರೀ, ನಮ್ಮ ಬಾಲ್ಕನಿಗೆ ಗೆರೆ ಎಲ್ಲಿ?"

"ಏನೂ ಆಗ—"

"ಆ ಮಾತು ಬೇಡ. ಎಲ್ಲೀವರೆಗೆ ಬಗ್ಬೇಕಿತ್ತು, ಎಲ್ಲೀವರೆಗೆ ಬಗ್ಗಿದೆ, ಅದನ್ನ ಹೇಳಿ."

ನಮ್ಮವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ನಾನು ಹಾಕಿದ ಲೆಕ್ಕ ಬಂದು ಹೋಗೋ ಜನಕ್ಕೆ. ಜನ ಬಂದ್ರೆ ಬಗ್ಗುತ್ತೆ, ಹೋದ್ರೆ ಏಳುತ್ತೆ. ಆದ್ರೆ ಭಾರ ಕೂತೇ ಇದ್ರೆ ನಿಧಾನವಾಗಿ ಬಗ್ತಾನೇ ಹೋಗುತ್ತೆ. ಗಾಜಿನ ಕಂಬಿ ಬೇರೆ, ಬಿಗಿ ಕಮ್ಮಿ."

"ನಮ್ಮನೇಲಿ ಯಾವ ಭಾರ ಕೂತಿರುತ್ತೆ?"

ಅವರು ಕನ್ನಡಕ ಒರೆಸುತ್ತಲೇ ಇದ್ದರು. ನನಗೆ ತಟ್ಟನೆ ಹೊಳೆಯಿತು.

"ಅಮ್ಮನ ಕಲ್ಲುಗಳಾ?"

"ಅಷ್ಟೂ ಸೇರಿದ್ರೆ ಐದಾರು ಜನ ಹಗಲೂ ರಾತ್ರಿ ತುದೀಲೇ ನಿಂತ ಹಾಗೆ," ಎಂದರು ಮೆಲ್ಲಗೆ.

"ಅಲ್ರೀ, ಅವತ್ತೇ ಯಾಕೆ ಹೇಳ್ಲಿಲ್ಲ? ನೆಂಟ್ರು, ಮೇಸ್ತ್ರಿ, ಎಲ್ಲ ನಿಮ್ಮನ್ನ ಆಡ್ಕೊಂಡ್ರು. ನಾನೂ ಆಡ್ಕೊಂಡೆ. ನಿನ್ನೆ ಅಷ್ಟು ಜನರ ಮುಂದೆ ನನ್ನ ತಪ್ಪು ಅಂದ್ರಲ್ಲ!"

"ಅತ್ತೆ ಹೋಗಿ ಆಗಿನ್ನೂ ವರ್ಷದ ಕಾರ್ಯನೂ ಆಗಿರ್ಲಿಲ್ಲ ಸುಧಾ. ನೀನು ದಿನಾ ಆ ಒರಳಿಗೆ ಅರಿಶಿನ ಕುಂಕುಮ ಇಟ್ಟು ಕೂತಿರ್ತಿದ್ದೆ. ಇದನ್ನ ತೆಗಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಬೀಳಲ್ಲ ಅಂತ ನಂಗೊತ್ತಿತ್ತು. ದಿನಾ ಅಳೀತಿದ್ದೆ. ಬಗ್ಗಿದ್ರೆ ಬಗ್ಲಿ ಬಿಡು ಅಂದ್ಕೊಂಡೆ."

ನನಗೆ ಅಳು ಬಂತು. ಆ ಮನುಷ್ಯನ ಮೇಲೆ ಸಿಟ್ಟೂ ಬಂತು, ಅಷ್ಟೇ ಪ್ರೀತಿಯೂ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದೆ, "ಕಲ್ಲು ಕೆಳಗಿಳಿಸಿದ್ರೆ ಮೇಲಕ್ಕೆ ಬರುತ್ತಾ?"

"ಸ್ವಲ್ಪ ಬರುತ್ತೆ. ಪೂರ್ತಿ ಬರಲ್ಲ."

"ಒಡೆಸೋದು ಬೇಡ ಬಿಡಿ. ಕಲ್ಲುಗಳನ್ನ ಕೆಳಗೆ ಇಡೋಣ. ಕಾರು ಬೀದೀಲಿ ನಿಲ್ಲಲಿ."

ಅಷ್ಟರಲ್ಲಿ ಮೇಲಿನಿಂದ ಕರೆದರು. ಊರೆಲ್ಲ ಸೇತುವೆಯ ನಡುವೆ ಸೇರಿತ್ತು. ನಾನು ಸೀರೆ ಎತ್ತಿ ಹಿಡಿದು, ನಮ್ಮವರ ತೋಳು ಹಿಡಿದು, ಒದ್ದೆ ಕಾಂಕ್ರೀಟಿನ ಮೇಲೆ ಕಾಲಿಟ್ಟೆ. ಕಾಲಡಿ ಏನೋ ಮೆಲ್ಲಗೆ ಉಸಿರಾಡಿದಂತಾಯಿತು. ಜನ ಸರಿದು ಜಾಗ ಕೊಟ್ಟರು, ಬಸ್ಸಿನಿಂದ ಇಳಿದು ಓಡಿಹೋದ ಅಜ್ಜನೂ ಅಲ್ಲಿದ್ದ. ಇಂಗ್ರಿದ್ ಕೆಳಗೆ ದೋಣಿಯಲ್ಲಿ ನಿಂತು ಕೈ ಎತ್ತಿದರು. ಎಲ್ಲ ಸ್ತಬ್ಧವಾಯಿತು. ನೀರು, ಬೆಳಕು, ಬಿಳಿಹಕ್ಕಿಗಳು, ಬ್ರಶ್ಶು ಹಿಡಿದ ಜನ, ಎಲ್ಲವೂ ಯಾರದೋ ಕನಸಿನಲ್ಲಿ ನಿಂತ ಹಾಗಿತ್ತು. ನಿನ್ನೆ ಪ್ರಶ್ನೆ ಕೇಳಿದ ಉದ್ದನೆಯ ಯುವಕ ನನ್ನ ಎದುರಿಗೇ ಇದ್ದ. ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಅವರ ಲೆಕ್ಕ ಸರಿಯಾಗಿಯೇ ಇತ್ತು!" ಎಂದೆ ಇಂಗ್ಲಿಷಿನಲ್ಲಿ, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ. "ಕಲ್ಲು ಇಟ್ಟವಳು ನಾನು!"

ಮಾತು ನೀರಿನ ಮೇಲೆ ಹರಿದು ದ್ವೀಪದವರೆಗೆ ಹೋಯಿತು. ಊರಿಗೂರೇ ನನ್ನತ್ತ ತಿರುಗಿತು. ನಮ್ಮವರು ತಲೆ ಅಲುಗಿಸಲಿಲ್ಲ, ನೆಟ್ಟಗೆ ಮುಂದೆ ನೋಡುತ್ತಿದ್ದರು. ಕನ್ನಡಕದ ಕೆಳಗಿನಿಂದ ಕೆನ್ನೆಗೆ ನೀರು ಇಳಿಯುತ್ತಿತ್ತು.

"ಸುಮ್ನೆ ನಿಂತ್ಕೋ ಸುಧಾ," ಎಂದರು, "ಅಳತೆ ನಡೀತಿದೆ."

ನಾನು ನಿಂತೆ.